ನಕ್ಷತ್ರ ಕಳೆಯದಂತೆ ಫೋಟೊ ಕುಗ್ಗಿಸುವುದು, ಹಿಗ್ಗಿಸುವುದು: ಯಾವ ವಿಧಾನ ಯಾವುದಕ್ಕೆ?

ಸಪ್ತರ್ಷಿ ಮಂಡಲದ ಫೋಟೊ ತೆಗೆದಾಗಲೆಲ್ಲ ನಾನು ಮೊದಲು ಹುಡುಕುವುದು ಬಾಲದ ನಡುವಿನ ವಸಿಷ್ಠನನ್ನು, ಅವನ ಪಕ್ಕದ ಅರುಂಧತಿಯನ್ನು. ಮೂಲ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ಝೂಮ್ ಮಾಡಿದರೆ ಎರಡೂ ಚುಕ್ಕಿಗಳು ಬೇರೆ ಬೇರೆಯಾಗಿ ಚೊಕ್ಕವಾಗಿ ಕಾಣುತ್ತವೆ. ಅದನ್ನೇ ಮೊಬೈಲಿಗೆ ಹೊಂದುವಷ್ಟು ಚಿಕ್ಕದು ಮಾಡಿ ಕಳಿಸಿದರೆ ಎಷ್ಟೋ ಸಲ ಅರುಂಧತಿಯೇ ಇರುವುದಿಲ್ಲ. ಇದ್ದರೂ ವಸಿಷ್ಠನೊಳಗೆ ಸೇರಿಹೋಗಿ ಒಂದು ಉದ್ದನೆಯ ಬಿಳಿ ಮಚ್ಚೆಯಾಗಿರುತ್ತಾಳೆ.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಫುಲ್ ಫ್ರೇಮ್ ಕ್ಯಾಮೆರಾ, 24 ಎಂಎಂ ಲೆನ್ಸ್, 6000×4000 ಪಿಕ್ಸೆಲ್‌ನ ಚಿತ್ರ ಎಂದಿಟ್ಟುಕೊಳ್ಳಿ. ಚಿತ್ರದ ನಡುಭಾಗದಲ್ಲಿ ಒಂದೊಂದು ಪಿಕ್ಸೆಲ್‌ಗೆ ಆಕಾಶದ ಸುಮಾರು 52 ಆರ್ಕ್‌ಸೆಕೆಂಡ್ ಸಿಗುತ್ತದೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ವಸಿಷ್ಠ ಮತ್ತು ಅರುಂಧತಿಯ ನಡುವಿನ ಅಂತರ ಸುಮಾರು 12 ಆರ್ಕ್‌ಮಿನಿಟ್, ಅಂದರೆ ಚಿತ್ರದಲ್ಲಿ ಹದಿನಾಲ್ಕು ಪಿಕ್ಸೆಲ್. ಅಗಲವನ್ನು 6000ದಿಂದ 1080ಕ್ಕೆ ಇಳಿಸಿದರೆ ಆ ಹದಿನಾಲ್ಕು ಪಿಕ್ಸೆಲ್ ಎರಡೂವರೆಗೆ ಬರುತ್ತದೆ. ಸಾಲದ್ದಕ್ಕೆ ಅರುಂಧತಿಯ ಬೆಳಕು ವಸಿಷ್ಠನ ಬೆಳಕಿನ ಆರನೇ ಒಂದು ಪಾಲಿನಷ್ಟು ಮಾತ್ರ. ಎರಡೂವರೆ ಪಿಕ್ಸೆಲ್ ಜಾಗದಲ್ಲಿ ಮಂಕಾದ ಒಂದು ಚುಕ್ಕಿ ಉಳಿಯುತ್ತದೋ ಅಳಿಯುತ್ತದೋ ಎಂಬುದನ್ನು ತೀರ್ಮಾನಿಸುವುದು ನಾವು ಆರಿಸಿದ ರೀಸೈಜ್ ವಿಧಾನ. ಒಂದು ಮುಖವನ್ನೋ ಕಟ್ಟಡವನ್ನೋ ಕುಗ್ಗಿಸುವಾಗ ಯಾವ ವಿಧಾನ ಬಳಸಿದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಕ್ಷತ್ರ ಹಾಗಲ್ಲ. ಅದರ ಇಡೀ ಅಸ್ತಿತ್ವವೇ ಎರಡು ಮೂರು ಪಿಕ್ಸೆಲ್.

6000ವನ್ನು 1080 ಮಾಡುವಾಗ ಸುಮಾರು ಮೂವತ್ತೊಂದು ಪಿಕ್ಸೆಲ್‌ಗಳ ಜಾಗಕ್ಕೆ ಒಂದೇ ಪಿಕ್ಸೆಲ್ ಉಳಿಯುತ್ತದೆ. ಆದ್ದರಿಂದ ಏನೂ ಕಳೆಯದೆ ಕುಗ್ಗಿಸುತ್ತೇನೆ ಎನ್ನಲು ಬರುವುದಿಲ್ಲ. ನಕ್ಷತ್ರದ ಹೊಳಪು, ದುಂಡು ಆಕಾರ, ಬಣ್ಣ ಈ ಮೂರೂ ಆದಷ್ಟು ಉಳಿಯುವ ದಾರಿಯನ್ನು ಆರಿಸಿಕೊಳ್ಳಲು ಬರುತ್ತದೆ. ಈ ಬರಹ ಅದಕ್ಕಾಗಿ.

ರೀಸೈಜ್ ಬೇಕೇ ಬೇಕೆ?

ಎಷ್ಟೋ ಮಂದಿ ಮುದ್ರಣಕ್ಕೆ ಕೊಡುವ ಮುಂಚೆ ಡಿಪಿಐ 72 ಇದೆ, 300 ಮಾಡಬೇಕು ಎಂದು ಚಿತ್ರವನ್ನು ಹಿಗ್ಗಿಸಿಬಿಡುತ್ತಾರೆ. ಡಿಪಿಐ ಎನ್ನುವುದು ಫೈಲಿನೊಳಗೆ ಬರೆದಿಟ್ಟ ಒಂದು ಚೀಟಿ ಅಷ್ಟೆ. ಇರುವ ಪಿಕ್ಸೆಲ್‌ಗಳನ್ನು ಕಾಗದದ ಮೇಲೆ ಎಷ್ಟು ಒತ್ತೊತ್ತಾಗಿ ಹರಡಬೇಕು ಎಂದು ಅದು ಹೇಳುತ್ತದೆ. ಪಿಕ್ಸೆಲ್‌ಗಳ ಸಂಖ್ಯೆಯನ್ನೇ ಬದಲಿಸುವ ರೀಸ್ಯಾಂಪಲ್ ಎಂಬ ಆಯ್ಕೆಯ ಮುಂದಿರುವ ಟಿಕ್ ತೆಗೆದು ಡಿಪಿಐ ಬದಲಿಸಿದರೆ ಒಂದು ಪಿಕ್ಸೆಲ್ ಕೂಡ ಅಲ್ಲಾಡುವುದಿಲ್ಲ.

300 ಪಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್‌ನಂತೆ, ಎ4 ಹಾಳೆಗೆ 3508×2480 ಪಿಕ್ಸೆಲ್ ಸಾಕು, ಎ3ಗೆ 4961×3508. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರ ಎ3ಗೆ ಧಾರಾಳವಾಯಿತು. ಎ2ಗೆ ಹಾಕಿದರೂ ಇಂಚಿಗೆ 256 ಪಿಕ್ಸೆಲ್ ಸಿಗುತ್ತದೆ. ಗೋಡೆಗೆ ತೂಗುಹಾಕಿ ನಾಲ್ಕಡಿ ದೂರದಿಂದ ನೋಡುವ ಚಿತ್ರಕ್ಕೆ ಅಷ್ಟು ಬೇಕಾದಷ್ಟಾಯಿತು. ಹಾಗೇ ಕೊಟ್ಟುಬಿಡಿ. ಇನ್ನು ಚಿತ್ರದ ಒಂದು ಭಾಗ ಮಾತ್ರ ಬೇಕಿದ್ದರೆ ಮೊದಲು ಕ್ರಾಪ್ ಮಾಡಿ ನೋಡಿ. ಕ್ರಾಪ್‌ನಲ್ಲಿ ಉಳಿದ ಪಿಕ್ಸೆಲ್‌ಗಳು ಇದ್ದ ಹಾಗೇ ಇರುತ್ತವೆ.

ಕುಗ್ಗಿಸುವಾಗ: ಐದು ವಿಧಾನಗಳ ನಡುವೆ

ಎಲ್ಲಕ್ಕಿಂತ ಸರಳವಾದದ್ದು ನಿಯರೆಸ್ಟ್ ನೇಬರ್. ಹೊಸ ಚಿತ್ರದ ಪ್ರತಿ ಪಿಕ್ಸೆಲ್‌ಗೆ ಹಳೆಯ ಚಿತ್ರದ ಒಂದು ಪಿಕ್ಸೆಲ್ ಆರಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. 6000ವನ್ನು 1500ಕ್ಕೆ ಇಳಿಸುವಾಗ ಪ್ರತಿ ಹದಿನಾರರಲ್ಲಿ ಒಂದನ್ನು ಇಟ್ಟುಕೊಂಡು ಹದಿನೈದನ್ನು ಎಸೆಯುತ್ತದೆ. ಎರಡಕ್ಕೆ ಎರಡು ಪಿಕ್ಸೆಲ್ ಅಳತೆಯ ಒಂದು ನಕ್ಷತ್ರ ಆ ಹದಿನಾರು ಜಾಗಗಳಲ್ಲಿ ನಾಲ್ಕನ್ನು ತುಂಬಿರುತ್ತದೆ. ಅಂದರೆ ಅದು ಉಳಿಯುವ ಸಂಭವ ನಾಲ್ಕರಲ್ಲಿ ಒಂದು. ಉಳಿದರೆ ಪೂರ್ತಿ ಹೊಳಪಿನ ಚೌಕವಾಗಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಆಕಾಶಗಂಗೆಯ ಚಿತ್ರವೊಂದನ್ನು ಹೀಗೆ ಕುಗ್ಗಿಸಿದರೆ ಮಂದ ನಕ್ಷತ್ರಗಳ ಮುಕ್ಕಾಲು ಪಾಲು ಅಳಿಸಿಹೋಗುತ್ತದೆ. ನಾಯ್ಸ್, ಅಂದರೆ ಚಿತ್ರದ ತುಂಬ ಕಾಣುವ ಕಾಳುಕಾಳು ಕಲೆ, ಮಾತ್ರ ಇದ್ದಷ್ಟೇ ಇರುತ್ತದೆ. ನಕ್ಷತ್ರಗಳು ಸರಿದ ಹಾದಿ ಗೆರೆಯಾಗಿ ಮೂಡುವ ಸ್ಟಾರ್ ಟ್ರೇಲ್ ಚಿತ್ರದಲ್ಲಿ ನಯವಾದ ಕಮಾನುಗಳು ಮೆಟ್ಟಿಲಿನಂತೆ ಒಡೆಯುತ್ತವೆ. ಆಕಾಶದ ಚಿತ್ರಕ್ಕೆ ಇದನ್ನು ಬಳಸಲೇಬೇಡಿ.

ಬೈಲಿನಿಯರ್ ಹೆಸರು ಕೇಳಿ ಅದು ವಾಸಿ ಎಂದುಕೊಳ್ಳುತ್ತೇವೆ. ಅದು ತಂತ್ರಾಂಶದ ಮೇಲೆ ನಿಂತಿದೆ. ಕೆಲವು ತಂತ್ರಾಂಶಗಳು ಎಷ್ಟೇ ಕುಗ್ಗಿಸಿದರೂ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನಷ್ಟೇ ನೋಡುತ್ತವೆ. ಅರ್ಧಕ್ಕೆ ಇಳಿಸುವಾಗ ಇದು ನಡೆಯುತ್ತದೆ. ಕಾಲು ಭಾಗಕ್ಕೆ ಇಳಿಸಿದರೆ ಹದಿನಾರರಲ್ಲಿ ಹನ್ನೆರಡು ಪಿಕ್ಸೆಲ್‌ಗಳನ್ನು ಅದು ನೋಡುವುದೇ ಇಲ್ಲ, ನಿಯರೆಸ್ಟ್ ನೇಬರ್‌ನ ಕಾಯಿಲೆಯೇ ಮರಳಿ ಬರುತ್ತದೆ. ಪ್ರೋಗ್ರಾಂ ಬರೆದು ನೂರಾರು ಚಿತ್ರಗಳನ್ನು ಒಟ್ಟಿಗೆ ಕುಗ್ಗಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಓಪನ್‌ಸಿವಿ ಎಂಬ ಪ್ರೋಗ್ರಾಮಿಂಗ್ ಲೈಬ್ರರಿಯಲ್ಲಿ ಏನೂ ಹೇಳದೆ ಬಿಟ್ಟರೆ ಅದು ಬಳಸುವುದು ಈ ಬಗೆಯ ಬೈಲಿನಿಯರ್. ಅಲ್ಲಿ ಏರಿಯಾ ಎಂಬ ವಿಧಾನವನ್ನು ಕೇಳಿ ಪಡೆಯಬೇಕು.

ಆ ಏರಿಯಾ ವಿಧಾನ, ಅಂದರೆ ಸರಾಸರಿ ತೆಗೆಯುವುದು, ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸುವ ವಿಧಾನ. ಹೊಸ ಪಿಕ್ಸೆಲ್ ಆವರಿಸುವ ಜಾಗದಲ್ಲಿರುವ ಎಲ್ಲ ಹಳೆಯ ಪಿಕ್ಸೆಲ್‌ಗಳ ಬೆಳಕನ್ನೂ ಕೂಡಿಸಿ ಭಾಗಿಸುತ್ತದೆ. ಯಾವ ನಕ್ಷತ್ರವೂ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಜೊತೆಗೆ ಒಂದು ಲಾಭವಿದೆ: ಅರ್ಧಕ್ಕೆ ಇಳಿಸಿದಾಗ ನಾಲ್ಕು ಪಿಕ್ಸೆಲ್‌ಗಳ ಸರಾಸರಿ ಬರುವುದರಿಂದ ಅಡ್ಡಾದಿಡ್ಡಿ ನಾಯ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಣ್ಣದ ಕ್ಯಾಮೆರಾಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ನಾಯ್ಸ್ ಸ್ವಲ್ಪ ಬೆಸೆದುಕೊಂಡಿರುವುದರಿಂದ ಪೂರ್ತಿ ಅರ್ಧ ಆಗದಿದ್ದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 6000ವನ್ನು 3000, 2000, 1500 ಹೀಗೆ ಪೂರ್ಣಸಂಖ್ಯೆಯಲ್ಲಿ ಭಾಗಿಸಿದಾಗ ಇದು ಅಚ್ಚುಕಟ್ಟು. 1920ರಂಥ ಅಳತೆಗೆ ಇಳಿಸುವಾಗ ಪಿಕ್ಸೆಲ್‌ಗಳ ಅಂಚುಗಳು ಸರಿಯಾಗಿ ಕೂರುವುದಿಲ್ಲ. ಒಂದೇ ಹೊಳಪಿನ ನಕ್ಷತ್ರಗಳು ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಮೆತ್ತಗೆ ಕಾಣಬಹುದು.

ಅಂಥ ಅಳತೆಗೆ ಬೈಕ್ಯೂಬಿಕ್ ಅಥವಾ ಲಾಂಕ್ಸೋಸ್ ಒಳ್ಳೆಯದು. ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಕೊರ್ನೇಲಿಯಸ್ ಲಾಂಕ್ಸೋಸ್‌ನ ಹೆಸರು ಹೊತ್ತ ಈ ಫಿಲ್ಟರ್ (ರೀಸೈಜ್ ಲೆಕ್ಕದ ಸೂತ್ರ) ಸೂಕ್ಷ್ಮ ವಿವರವನ್ನು ಎಲ್ಲಕ್ಕಿಂತ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ನನ್ನ ವಸಿಷ್ಠ–ಅರುಂಧತಿ ಪರೀಕ್ಷೆಯಲ್ಲಿ ಎರಡೂ ಚುಕ್ಕಿಗಳ ನಡುವೆ ಕತ್ತಲೆಯ ಗೆರೆ ಸ್ಪಷ್ಟವಾಗಿ ಉಳಿಯುವುದು ಇದರಲ್ಲೇ. ಆದರೆ ಅದಕ್ಕೆ ಬೆಲೆ ತೆರಬೇಕು. ಸರಾಸರಿ ತೆಗೆಯುವಾಗ ಇದು ಕೆಲವು ಪಿಕ್ಸೆಲ್‌ಗಳನ್ನು ಕೂಡಿಸುತ್ತದೆ, ಕೆಲವನ್ನು ಕಳೆಯುತ್ತದೆ. ಪ್ರಖರವಾದ ನಕ್ಷತ್ರದ ಪಕ್ಕದಲ್ಲಿ ಆ ಕಳೆಯುವಿಕೆ ಆಕಾಶದ ಹಿನ್ನೆಲೆಗಿಂತ ಕೆಳಗಿಳಿದು ಕಪ್ಪು ಬಳೆಯೊಂದನ್ನು ಮೂಡಿಸುತ್ತದೆ. ಕುಗ್ಗಿಸುವಾಗ ಆ ಬಳೆ ತೆಳುವಾಗಿ ಕಣ್ಣಿಗೆ ಬೀಳದೆ ಹೋಗಬಹುದು. ಹಿಗ್ಗಿಸುವಾಗ ಅದೇ ದೊಡ್ಡ ತೊಂದರೆ. ಫೋಟೊಶಾಪ್‌ನಲ್ಲಿ ಕುಗ್ಗಿಸಲೆಂದೇ ಇರುವ ಬೈಕ್ಯೂಬಿಕ್ ಶಾರ್ಪರ್ ಕೂಡ ಇದೇ ಜಾತಿಯದು. ಚಂದ್ರನ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ, ನಕ್ಷತ್ರಗಳಿಗೆ ಅತಿಯಾಗುತ್ತದೆ. ಅಲ್ಲಿ ಬರೀ ಬೈಕ್ಯೂಬಿಕ್ ಸಾಕು.

ಹಂತಹಂತವಾಗಿ, ಒಂದೊಂದು ಸಲಕ್ಕೆ ಸ್ವಲ್ಪ ಸ್ವಲ್ಪ ಕುಗ್ಗಿಸಿದರೆ ಒಳ್ಳೆಯದು ಎಂಬ ಹಳೆಯ ಸಲಹೆಯೊಂದು ಇನ್ನೂ ಓಡಾಡುತ್ತಿದೆ. ನಕ್ಷತ್ರಗಳ ವಿಷಯದಲ್ಲಿ ಇದನ್ನು ಕೇಳಬೇಡಿ. ಪ್ರತಿ ಹಂತದಲ್ಲೂ ಚುಕ್ಕಿ ಇನ್ನಷ್ಟು ಮೆತ್ತಗಾಗುತ್ತದೆ. ಮೂಲ ಫೈಲಿನಿಂದ ಕೊನೆಯ ಅಳತೆಗೆ ಒಂದೇ ನೆಗೆತ ಸಾಕು.

ಯಾರೂ ಹೇಳದ ವಿಷಯ: ಅಂಕೆ ಬೇರೆ, ಬೆಳಕು ಬೇರೆ

ಯಾವ ಫಿಲ್ಟರ್ ಎಂಬುದಕ್ಕಿಂತ ಹೆಚ್ಚಿನ ವ್ಯತ್ಯಾಸ ತರುವ ಸಂಗತಿ ಇನ್ನೊಂದಿದೆ. ಅದನ್ನು ತಿಳಿದ ದಿನದಿಂದ ನನ್ನ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಕುಗ್ಗಿಸಲು ಕುಳಿತಿದ್ದೇನೆ.

ಜೆಪೆಗ್ ಫೈಲಿನಲ್ಲಿ 0ಯಿಂದ 255ರವರೆಗೆ ಇರುವ ಅಂಕೆಗಳು ನೇರವಾಗಿ ಬೆಳಕಿನ ಪ್ರಮಾಣವನ್ನು ಹೇಳುವುದಿಲ್ಲ. ಎಸ್‌ಆರ್‌ಜಿಬಿ ಎಂಬ ವಕ್ರರೇಖೆಯ ಮೂಲಕ ಹಾದು ಬಂದ ಅಂಕೆಗಳವು. 128 ಎಂದರೆ 255ರ ಅರ್ಧ ಬೆಳಕು ಎಂದು ನಾವು ತಿಳಿಯುತ್ತೇವೆ, ನಿಜದಲ್ಲಿ ಅದು ಐದನೇ ಒಂದು ಪಾಲಿಗಿಂತ ತುಸು ಹೆಚ್ಚು, ಸುಮಾರು ಶೇಕಡಾ 22. ಬಹಳಷ್ಟು ತಂತ್ರಾಂಶಗಳು ರೀಸೈಜ್ ಮಾಡುವಾಗ ಈ ಅಂಕೆಗಳನ್ನೇ ಕೂಡಿಸಿ ಭಾಗಿಸುತ್ತವೆ, ಬೆಳಕನ್ನಲ್ಲ.

ಇದರಿಂದ ಏನಾಗುತ್ತದೆ ನೋಡಿ. ನಾಲ್ಕು ಪಿಕ್ಸೆಲ್‌ಗಳ ಒಂದು ಚೌಕ. ಒಂದರಲ್ಲಿ ನಕ್ಷತ್ರವಿದೆ, ಅದರ ಅಂಕೆ 255. ಉಳಿದ ಮೂರು ಕತ್ತಲೆ, ಸೊನ್ನೆ. ಇದನ್ನು ಒಂದು ಪಿಕ್ಸೆಲ್‌ಗೆ ಇಳಿಸಬೇಕು. ಅಂಕೆಗಳ ಸರಾಸರಿ ತೆಗೆದರೆ 64. ಬೆಳಕಿನ ಸರಾಸರಿ ತೆಗೆದರೆ ಕಾಲು ಪಾಲು ಬೆಳಕು, ಅದನ್ನು ಮರಳಿ ಎಸ್‌ಆರ್‌ಜಿಬಿಗೆ ತಂದರೆ 137. ಎರಡರ ನಡುವೆ ಅಷ್ಟೊಂದು ಅಂತರ! 64 ಎಂಬ ಅಂಕೆ ಪರದೆಯ ಮೇಲೆ ಕೊಡುವ ಬೆಳಕು ಬರೀ ಶೇಕಡಾ 5. ಸಿಗಬೇಕಾಗಿದ್ದದ್ದು 25. ನಕ್ಷತ್ರದ ಬೆಳಕಿನ ಐದು ಪಾಲಿನಲ್ಲಿ ನಾಲ್ಕು ಪಾಲು ಲೆಕ್ಕದ ತಪ್ಪಿನಲ್ಲೇ ಹೋಯಿತು. ಖಗೋಳದ ಭಾಷೆಯಲ್ಲಿ ಹೇಳುವುದಾದರೆ ಆ ಚುಕ್ಕಿ 1.7 ಕಾಂತಿಮಾನದಷ್ಟು ಮಂಕಾಯಿತು (ಈ ಅಳತೆಯಲ್ಲಿ ಅಂಕೆ ಹೆಚ್ಚಿದಷ್ಟೂ ನಕ್ಷತ್ರ ಮಂಕು). 4ನೇ ಕಾಂತಿಮಾನದ ಅರುಂಧತಿ ಸುಮಾರು 5.7ಕ್ಕೆ ಇಳಿದಂತೆ. ನಿಜವಾದ ಚಿತ್ರದಲ್ಲಿ ಆಕಾಶ ಪೂರ್ತಿ ಕಪ್ಪಾಗಿರುವುದಿಲ್ಲ, ನಕ್ಷತ್ರವೂ ಒಂದೇ ಪಿಕ್ಸೆಲ್‌ನಲ್ಲಿ ಕೂತಿರುವುದಿಲ್ಲ. ಹಾಗಾಗಿ ನಷ್ಟ ಇಷ್ಟು ಕಠೋರವಾಗಿರುವುದಿಲ್ಲ. ಆದರೂ ಚಿಕ್ಕ ಚುಕ್ಕಿಗಳಿಗೇ ಹೆಚ್ಚು ಪೆಟ್ಟು ಬೀಳುತ್ತದೆ ಎಂಬುದು ಬದಲಾಗುವುದಿಲ್ಲ. ಕುಗ್ಗಿಸಿದ ಮೇಲೆ ಆಕಾಶ ಖಾಲಿ ಖಾಲಿ ಎನಿಸುವುದು ಇದಕ್ಕೇ.

ನಿಮ್ಮ ತಂತ್ರಾಂಶ ಯಾವ ಬಗೆಯದು ಎಂದು ತಿಳಿಯಲು ಐದು ನಿಮಿಷ ಸಾಕು. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಹೀಗೆ ಚದುರಂಗದ ಮಣೆಯಂತಿರುವ ಚಿತ್ರವೊಂದನ್ನು ಮಾಡಿ. ಅದನ್ನು ಸರಿಯಾಗಿ ಅರ್ಧಕ್ಕೆ ಕುಗ್ಗಿಸಿ. ಬಂದ ಬೂದು ಬಣ್ಣದ ಅಂಕೆ 127 ಅಥವಾ 128 ಇದ್ದರೆ ತಂತ್ರಾಂಶ ಅಂಕೆಗಳನ್ನು ಕೂಡಿಸುತ್ತಿದೆ. 188ರ ಸುತ್ತಮುತ್ತ ಇದ್ದರೆ ಬೆಳಕನ್ನು ಕೂಡಿಸುತ್ತಿದೆ. ಪೂರ್ತಿ ಕಪ್ಪೋ ಪೂರ್ತಿ ಬಿಳಿಯೋ ಬಂದರೆ ಅದು ನಿಯರೆಸ್ಟ್ ನೇಬರ್.

ಬೆಳಕಿನ ಲೆಕ್ಕದಲ್ಲಿ ಕುಗ್ಗಿಸುವ ದಾರಿಗಳು ಇವೆ. ಫೋಟೊಶಾಪ್‌ನಲ್ಲಿ ಚಿತ್ರವನ್ನು 32 ಬಿಟ್‌ಗೆ ಬದಲಿಸಿದರೆ ಲೆಕ್ಕ ಲೀನಿಯರ್ ಆಗುತ್ತದೆ, ಅಂದರೆ ಅಂಕೆ ನೇರವಾಗಿ ಬೆಳಕಿನ ಪ್ರಮಾಣವನ್ನೇ ಹೇಳುತ್ತದೆ. ಕುಗ್ಗಿಸಿ, ಮರಳಿ 16 ಬಿಟ್‌ಗೆ ತನ್ನಿ. ಮರಳುವಾಗ ಟೋನ್ ಬದಲಿಸುವ ಕಿಟಕಿ ತೆರೆದುಕೊಂಡರೆ ಅಲ್ಲಿ ಎಕ್ಸ್‌ಪೋಷರ್ ಸೊನ್ನೆ, ಗಾಮಾ ಒಂದು ಇರಬೇಕು. ಆಜ್ಞೆ ಬರೆದು ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ರೀಸೈಜ್‌ಗೆ ಮುಂಚೆ ಬಣ್ಣವನ್ನು ಲೀನಿಯರ್ ಆರ್‌ಜಿಬಿಗೆ ತಂದು, ಆಮೇಲೆ ಎಸ್‌ಆರ್‌ಜಿಬಿಗೆ ಮರಳಿಸುವ ಎರಡು ಸೂಚನೆಗಳನ್ನು ಸೇರಿಸಿದರಾಯಿತು. ಜಿಂಪ್‌ ತಂತ್ರಾಂಶದಲ್ಲಿ 2.10ನೇ ಆವೃತ್ತಿಯಿಂದೀಚೆಗೆ ಚಿತ್ರದ ಪ್ರಿಸಿಷನ್ ಅನ್ನು 32 ಬಿಟ್ ಲೀನಿಯರ್ ಲೈಟ್ ಎಂದು ಇಟ್ಟುಕೊಳ್ಳುವ ಅವಕಾಶವಿದೆ. ಯಾವುದನ್ನು ಬಳಸಿದರೂ ಮೇಲಿನ ಮಣೆಯ ಪರೀಕ್ಷೆ ಮಾಡಿಯೇ ನಂಬಿ.

ಎಲ್ಲ ಚಿತ್ರಕ್ಕೂ ಇದೇ ಸರಿಯೇ? ಆಕಾಶಗಂಗೆಯ ಮುಂದೆ ಒಂದು ಮರ ನಿಂತಿರುವ ಚಿತ್ರವಿದ್ದರೆ, ಬೆಳಕಿನ ಲೆಕ್ಕದಲ್ಲಿ ಕುಗ್ಗಿಸಿದಾಗ ಹೊಳೆಯುವ ಚುಕ್ಕಿಗಳು ಉಳಿದುಕೊಳ್ಳುತ್ತವೆ, ತೆಳ್ಳನೆಯ ಕಪ್ಪು ರೆಂಬೆಗಳು ಸವೆದಂತೆ ಕಾಣುತ್ತವೆ. ಅಂಥ ಚಿತ್ರದಲ್ಲಿ ನಾನು ಎರಡೂ ರೀತಿಯಲ್ಲಿ ಕುಗ್ಗಿಸಿ, ಆಕಾಶವನ್ನು ಒಂದರಿಂದ, ಮರವನ್ನು ಇನ್ನೊಂದರಿಂದ ತೆಗೆದು ಮಾಸ್ಕ್ ಹಾಕಿ ಸೇರಿಸುತ್ತೇನೆ. ಹತ್ತು ನಿಮಿಷದ ಕೆಲಸ. ಮುದ್ರಿಸುವ ಚಿತ್ರಕ್ಕಾದರೆ ಆ ಹತ್ತು ನಿಮಿಷ ಕೊಡಬೇಕು.

ಹಿಗ್ಗಿಸುವಾಗ ಎಲ್ಲವೂ ತಿರುವುಮುರುವು

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ, ಪಕ್ಕದಲ್ಲಿ ಲುಬ್ಧಕ (ಸಿರಿಯಸ್) ನಕ್ಷತ್ರ. ಎರಡೂ ಒಂದೇ ಚೌಕಟ್ಟಿನಲ್ಲಿದ್ದ ಚಿತ್ರವನ್ನು ಒಮ್ಮೆ ಲಾಂಕ್ಸೋಸ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿ ದೊಡ್ಡದಾಗಿ ಮುದ್ರಿಸಿದ್ದೆ. ಪರದೆಯಲ್ಲಿ ಏನೂ ಗೊತ್ತಾಗಿರಲಿಲ್ಲ. ಕಾಗದದ ಮೇಲೆ ಲುಬ್ಧಕನ ಸುತ್ತ ಕಪ್ಪು ಮಸಿಯಲ್ಲಿ ಎಳೆದಂತೆ ತೆಳ್ಳನೆಯ ಬಳೆ, ಅದರ ಹೊರಗೆ ಇನ್ನೊಂದು ಮಸುಕು ಬಳೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಚಿತ್ರದಲ್ಲಿ ಬೇರೇನೂ ಕಾಣದಂತಾಯಿತು. ಆ ಚಿತ್ರಕ್ಕಾಗಿ ಒಂದು ರಾತ್ರಿಯಿಡೀ ಎಚ್ಚರವಿದ್ದೆ, ಬಹಳ ಸಂಕಟವಾಯಿತು.

ಆಗ ಮಾಡಿದ ತಪ್ಪು ಎರಡು. ಲಾಂಕ್ಸೋಸ್ ಆರಿಸಿದ್ದು ಒಂದು, ಅದನ್ನು ಲೀನಿಯರ್ ಬೆಳಕಿನಲ್ಲಿ ಮಾಡಿದ್ದು ಇನ್ನೊಂದು. ಕುಗ್ಗಿಸಲು ಲೀನಿಯರ್ ಎಷ್ಟು ಒಳ್ಳೆಯದೋ ಹಿಗ್ಗಿಸಲು ಅಷ್ಟೇ ಅಪಾಯಕಾರಿ. ಲೀನಿಯರ್ ಲೆಕ್ಕದಲ್ಲಿ ಪ್ರಖರ ನಕ್ಷತ್ರಕ್ಕೂ ಪಕ್ಕದ ಕತ್ತಲೆಗೂ ಇರುವ ಅಂತರ ನೂರಾರು ಪಟ್ಟು. ಕಳೆಯುವ ಫಿಲ್ಟರ್ ಅಷ್ಟೇ ಜೋರಾಗಿ ಕಳೆದು ಹಿನ್ನೆಲೆಯನ್ನು ಸೊನ್ನೆಗೆ ತಳ್ಳುತ್ತದೆ. ಆದ್ದರಿಂದ ಹಿಗ್ಗಿಸುವುದಿದ್ದರೆ ಸ್ಟ್ರೆಚ್ ಮಾಡಿ (ಮಂದ ಬೆಳಕನ್ನು ಕಾಣುವಷ್ಟು ಮೇಲೆತ್ತಿ) ಮುಗಿಸಿದ ಚಿತ್ರವನ್ನು, ಮಾಮೂಲಿ ಎಸ್‌ಆರ್‌ಜಿಬಿಯಲ್ಲೇ ಹಿಗ್ಗಿಸಿ. ಇಮೇಜ್‌ಮ್ಯಾಜಿಕ್ ಬಳಸುವವರಿಗೆ ಸಿಗ್ಮಾಯ್ಡ್ ವಕ್ರರೇಖೆಯ ಮೂಲಕ ಹಿಗ್ಗಿಸುವ ಇನ್ನೂ ನಾಜೂಕಾದ ದಾರಿ ಇದೆ. ಕತ್ತಲೆಯ ಕಡೆಯ ಬಳೆಯನ್ನೂ ಬೆಳಕಿನ ಕಡೆಯ ಬಳೆಯನ್ನೂ ಅದು ತಗ್ಗಿಸುತ್ತದೆ. ಖಗೋಳ ಚಿತ್ರಗಳ ತಂತ್ರಾಂಶ ಪಿಕ್ಸ್‌ಇನ್‌ಸೈಟ್‌ನಲ್ಲಿ ಲಾಂಕ್ಸೋಸ್‌ಗೆ ಕ್ಲ್ಯಾಂಪಿಂಗ್ ಎಂಬ ಕಡಿವಾಣ ಕೊಟ್ಟಿರುವುದೂ ಈ ಬಳೆಗಳಿಗಾಗಿಯೇ.

ಫಿಲ್ಟರ್ ಆಯ್ಕೆಗೆ ಬಂದರೆ ನನ್ನ ಮೊದಲ ಮತ ಮಿಚೆಲ್ ಫಿಲ್ಟರ್‌ಗೆ. ಡಾನ್ ಮಿಚೆಲ್ ಮತ್ತು ಅರುಣ್ ನೇತ್ರಾವಲಿ 1988ರಲ್ಲಿ ಪ್ರಕಟಿಸಿದ ಈ ಬೈಕ್ಯೂಬಿಕ್ ಬಗೆ ಮಸುಕು, ಬಳೆ, ಚೌಕಳಿ ಮೂರರ ನಡುವೆ ಹದ ಹುಡುಕಿ ರೂಪಿಸಿದ್ದು. ಇಮೇಜ್‌ಮ್ಯಾಜಿಕ್ ಹಿಗ್ಗಿಸಲು ತಾನಾಗಿಯೇ ಬಳಸುವುದೂ ಇದನ್ನೇ. ಫೋಟೊಶಾಪ್‌ನಲ್ಲಿ ಇದಕ್ಕೆ ಹತ್ತಿರದ ಗುಣ ಬೈಕ್ಯೂಬಿಕ್ ಸ್ಮೂದರ್‌ನದು. ಜಿಂಪ್‌ನಲ್ಲಿ ನೋಹೇಲೊ ಎಂಬ ಆಯ್ಕೆಯಿದೆ, ಹೆಸರೇ ಹೇಳುವಂತೆ ಬಳೆ ಮೂಡಿಸದಿರುವುದೇ ಅದರ ಕೆಲಸ. ಒಂದೂವರೆ ಪಟ್ಟಿನವರೆಗೆ ಇವುಗಳಲ್ಲಿ ಯಾವುದಾದರೂ ನಿಶ್ಚಿಂತೆ. ಎರಡು ಪಟ್ಟಾದರೆ ನಕ್ಷತ್ರಗಳು ಮೆತ್ತಗಾಗುತ್ತವೆ, ದೂರದಿಂದ ನೋಡುವ ಮುದ್ರಣಕ್ಕೆ ನಡೆಯುತ್ತದೆ. ಅದಕ್ಕೂ ಮೀರಿ ಹಿಗ್ಗಿಸಿ ವಿವರ ಸಿಕ್ಕೀತು ಎಂದುಕೊಂಡರೆ ನಿರಾಶೆ ಖಂಡಿತ.

ಎಐ ಹಿಗ್ಗಿಸುವಿಕೆಯ ಮಾತು ಇಲ್ಲಿ ಬರಲೇಬೇಕು. ಈ ತಂತ್ರಾಂಶಗಳು ಕಲಿತಿರುವುದು ಮುಖ, ಎಲೆ, ಇಟ್ಟಿಗೆ, ಅಕ್ಷರ. ಇಲ್ಲದ ವಿವರವನ್ನು ಊಹಿಸಿ ತುಂಬುವುದೇ ಅವುಗಳ ಕೆಲಸ. ಮುಖದಲ್ಲಿ ಒಂದು ಕೂದಲೆಳೆ ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಆಕಾಶದಲ್ಲಿ ಒಂದು ಚುಕ್ಕಿ ಹೆಚ್ಚಾದರೆ ಅದು ಸುಳ್ಳು. ಕೃತ್ತಿಕೆಯ ಚಿತ್ರವೊಂದನ್ನು ಇಂಥ ಒಂದು ತಂತ್ರಾಂಶದಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ ನಕ್ಷತ್ರಪಟದ ಪಕ್ಕ ಇಟ್ಟು ನೋಡಿದೆ. ನಾಯ್ಸ್‌ನ ಕಾಳುಗಳು ಚೂಪಾದ ನಕ್ಷತ್ರಗಳಾಗಿದ್ದವು, ಪಟದಲ್ಲಿ ಆ ಜಾಗಗಳು ಖಾಲಿ. ಅಂಟಿಕೊಂಡಂತಿದ್ದ ಎರಡು ಮಂದ ನಕ್ಷತ್ರಗಳು ಬೆಸೆದು ಒಂದಾಗಿದ್ದವು. ಸುತ್ತಲಿನ ನೀಲಿ ಧೂಳಿನಲ್ಲಿ ಹುಳುಗಳಂತೆ ಗೆರೆಗಳು. ನೆಲ, ಬೆಟ್ಟ, ಮರ ಇರುವ ಮುಂಭಾಗಕ್ಕೆ ಎಐ ಬಳಸಿ, ಬೇಡ ಎನ್ನುವುದಿಲ್ಲ. ಆಕಾಶಕ್ಕೆ ಬಳಸಲೇಬೇಕೆಂದಿದ್ದರೆ ಎರಡು ಪಟ್ಟಿಗೆ ನಿಲ್ಲಿಸಿ, ಮೊದಲು ನಾಯ್ಸ್ ತೆಗೆಯಿರಿ, ಮೂಲದ ಜೊತೆ ಚುಕ್ಕಿ ಚುಕ್ಕಿ ಹೋಲಿಸಿ ನೋಡಿ. ಅಡೋಬಿ 2021ರಲ್ಲಿ ಕ್ಯಾಮೆರಾ ರಾ ತಂತ್ರಾಂಶಕ್ಕೆ ಸೇರಿಸಿದ ಸೂಪರ್ ರೆಸಲ್ಯೂಷನ್ ಅಗಲ ಎತ್ತರ ಎರಡನ್ನೂ ಎರಡು ಪಟ್ಟು ಮಾಡುತ್ತದೆ. ಇದರ ವಿಷಯದಲ್ಲೂ ಅದೇ ಎಚ್ಚರ ಬೇಕು. ನಕ್ಷತ್ರದ ಹೊಳಪನ್ನು ಅಳೆಯುವ ಕೆಲಸವಿದ್ದರೆ ಎಐ ಮುಟ್ಟಿದ ಚಿತ್ರ ಉಪಯೋಗಕ್ಕೆ ಬಾರದು.

ನಿಜವಾಗಿಯೂ ಹೆಚ್ಚು ವಿವರ ಪಡೆಯುವ ಮಾರ್ಗ ಒಂದಿದೆ, ಅದು ಹಿಗ್ಗಿಸುವುದಲ್ಲ, ಡ್ರಿಜಲ್. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದೇ ಚೂರನ್ನು ಹತ್ತು ದಿನ ನೋಡಿ 342 ಎಕ್ಸ್‌ಪೋಷರ್ ತೆಗೆದುಕೊಂಡಿತು. ಹಬಲ್ ಡೀಪ್ ಫೀಲ್ಡ್ ಎಂದು ಹೆಸರಾದ ಚಿತ್ರ ಅದು. ಅಂದಿನ ಕ್ಯಾಮೆರಾದ ಪಿಕ್ಸೆಲ್‌ಗಳು ದೂರದರ್ಶಕ ಕೊಡುತ್ತಿದ್ದ ವಿವರಕ್ಕೆ ಹೋಲಿಸಿದರೆ ದಪ್ಪ. ಒಂದೊಂದು ಸಲ ದೂರದರ್ಶಕವನ್ನು ಒಂಚೂರು ಸರಿಸಿ ತೆಗೆದ ಚಿತ್ರಗಳನ್ನು ಸಣ್ಣ ಪಿಕ್ಸೆಲ್‌ಗಳ ಹೊಸ ಜಾಲದ ಮೇಲೆ ಹನಿಹನಿಯಾಗಿ ಬೀಳಿಸಿ ಕೂಡಿಸುವ ಡ್ರಿಜಲ್ ಉಪಾಯವನ್ನು ಆಂಡ್ರ್ಯೂ ಫ್ರುಕ್ಟರ್ ಮತ್ತು ರಿಚರ್ಡ್ ಹುಕ್ ರೂಪಿಸಿದರು. ಇವತ್ತು ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್, ಪಿಕ್ಸ್‌ಇನ್‌ಸೈಟ್ ಮೂರೂ ತಂತ್ರಾಂಶಗಳಲ್ಲಿ ಅದು ಇದೆ. ಇಲ್ಲಿ ಊಹೆ ಏನೂ ಇಲ್ಲ, ಸೇರುವ ವಿವರವೆಲ್ಲ ನಿಜವಾಗಿ ಬಂದ ಬೆಳಕು. ಆದರೆ ಷರತ್ತುಗಳಿವೆ: ಹತ್ತಾರು ಚಿತ್ರಗಳು ಬೇಕು, ಒಂದೊಂದರ ನಡುವೆ ಕ್ಯಾಮೆರಾ ಸ್ವಲ್ಪ ಸರಿದಿರಬೇಕು, ನಕ್ಷತ್ರಗಳು ಮೂಲದಲ್ಲಿ ಒಂದೆರಡು ಪಿಕ್ಸೆಲ್‌ನಷ್ಟೇ ಇದ್ದು ಚೌಕ ಚೌಕವಾಗಿ ಕಾಣುತ್ತಿರಬೇಕು. ಮೂಲದಲ್ಲೇ ನಕ್ಷತ್ರ ನಾಲ್ಕೈದು ಪಿಕ್ಸೆಲ್ ಅಗಲವಿದ್ದರೆ ಡ್ರಿಜಲ್ ಕೊಡುವುದು ದೊಡ್ಡ ಫೈಲು, ಹೆಚ್ಚು ನಾಯ್ಸ್, ಅಷ್ಟೆ.

ದೂರದರ್ಶಕದವರಿಗೆ: ಕುಗ್ಗಿಸಿದರೆ ಕಳೆಯುವುದೇ ಇಲ್ಲದ ಸಂದರ್ಭ

ಪಿಕ್ಸೆಲ್‌ನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು, ಫೋಕಲ್ ಲೆಂಗ್ತ್‌ನ ಮಿಲಿಮೀಟರಿನಿಂದ ಭಾಗಿಸಿ, 206ರಿಂದ ಗುಣಿಸಿ. ಬರುವುದು ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಎಂಬ ಲೆಕ್ಕ. 3.76 ಮೈಕ್ರಾನ್ ಪಿಕ್ಸೆಲ್, 2400 ಎಂಎಂ ದೂರದರ್ಶಕವಾದರೆ 0.32. ವಾತಾವರಣದ ಅಲುಗಾಟದಿಂದ ನಕ್ಷತ್ರ ಎರಡು ಮೂರು ಆರ್ಕ್‌ಸೆಕೆಂಡ್‌ಗೆ ಹರಡಿಕೊಳ್ಳುವ ಸಾಧಾರಣ ರಾತ್ರಿಯಲ್ಲಿ ಒಂದು ನಕ್ಷತ್ರ ಆರರಿಂದ ಒಂಬತ್ತು ಪಿಕ್ಸೆಲ್ ಅಗಲವಾಗುತ್ತದೆ. ಈ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದರೂ ನಕ್ಷತ್ರಕ್ಕೆ ಮೂರು ನಾಲ್ಕು ಪಿಕ್ಸೆಲ್ ಉಳಿಯುತ್ತದೆ, ವಿವರ ಕಳೆಯುವುದಿಲ್ಲ, ನಾಯ್ಸ್ ಇಳಿಯುತ್ತದೆ. ಬಿನ್ನಿಂಗ್ ಎನ್ನುವುದು ಇದನ್ನೇ. ಇದನ್ನು ಸ್ಟ್ರೆಚ್ ಮಾಡುವ ಮುಂಚೆ, ಲೀನಿಯರ್ ಸ್ಥಿತಿಯಲ್ಲೇ, ಸರಾಸರಿ ವಿಧಾನದಲ್ಲಿ ಮಾಡಿ. ಮುಂದಿನ ಎಲ್ಲ ಕೆಲಸವೂ ನಾಲ್ಕನೇ ಒಂದು ಗಾತ್ರದ ಫೈಲಿನ ಮೇಲೆ ಚುರುಕಾಗಿ ಸಾಗುತ್ತದೆ. ಅದೇ ಕ್ಯಾಮೆರಾವನ್ನು 800 ಎಂಎಂ ದೂರದರ್ಶಕಕ್ಕೆ ಹಾಕಿದರೆ ಪಿಕ್ಸೆಲ್‌ಗೆ 0.97 ಬರುತ್ತದೆ. ಆಗ ಬಿನ್ನಿಂಗ್ ಬೇಡ.

ಯಾವುದು ಮೊದಲು, ಯಾವುದು ಆಮೇಲೆ

ಬೆಳಕು ಬೀಳದಿದ್ದರೂ ಹೊಳೆಯುವ ಹಾಟ್ ಪಿಕ್ಸೆಲ್‌ಗಳನ್ನು ರೀಸೈಜ್‌ಗೆ ಮುಂಚೆಯೇ ತೆಗೆದುಹಾಕಿ. ಮೂಲದಲ್ಲಿ ಅದು ಒಂಟಿ ಪಿಕ್ಸೆಲ್, ಕೆಂಪೋ ನೀಲಿಯೋ ಇರುತ್ತದೆ, ಗುರುತಿಸುವುದು ಸುಲಭ. ಒಮ್ಮೆ ಕುಗ್ಗಿಸಿದರೆ ಅಥವಾ ಹಿಗ್ಗಿಸಿದರೆ ಅದು ಪಕ್ಕಕ್ಕೆ ಹರಡಿ ಥೇಟ್ ನಕ್ಷತ್ರದಂತೆ ದುಂಡಗಾಗುತ್ತದೆ, ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ನಾಯ್ಸ್ ತೆಗೆಯುವುದನ್ನು ಮಾತ್ರ ನಾನು ಕುಗ್ಗಿಸಿದ ಮೇಲೆ ನೋಡುತ್ತೇನೆ, ಎಷ್ಟೋ ಸಲ ಅಷ್ಟರಲ್ಲಿ ಅದರ ಅಗತ್ಯವೇ ಉಳಿದಿರುವುದಿಲ್ಲ. ಶಾರ್ಪನಿಂಗ್ (ಅಂಚು ಚೂಪು ಮಾಡುವುದು) ಯಾವತ್ತೂ ಕೊನೆಗೆ, ಅಂತಿಮ ಅಳತೆಯಲ್ಲಿ. ರೇಡಿಯಸ್ ಅರ್ಧ ಪಿಕ್ಸೆಲ್ ಮೀರದಿರಲಿ, ನಕ್ಷತ್ರಗಳ ಸುತ್ತ ಕಪ್ಪು ಅಂಚು ಕಾಣುವ ಮುಂಚೆಯೇ ನಿಲ್ಲಿಸಿ. ಲಾಂಕ್ಸೋಸ್ ಬಳಸಿದ್ದರೆ ಶಾರ್ಪನಿಂಗ್ ಬೇಡವೇ ಬೇಡ.

ಬರೀ 8 ಬಿಟ್‌ನಲ್ಲಿ ಈ ಕೆಲಸಗಳನ್ನೆಲ್ಲ ಮಾಡಬೇಡಿ. ಕತ್ತಲೆಯ ಆಕಾಶ 256 ಅಂಕೆಗಳಲ್ಲಿ 20ರಿಂದ 60ರವರೆಗಿನ ನಲವತ್ತು ಮೆಟ್ಟಿಲುಗಳಲ್ಲಷ್ಟೇ ಕೂತಿರುತ್ತದೆ. ಆ ನಲವತ್ತು ಮೆಟ್ಟಿಲನ್ನು 2000 ಪಿಕ್ಸೆಲ್‌ಗೆ ಹರಡಿದರೆ ಐವತ್ತು ಪಿಕ್ಸೆಲ್ ಅಗಲದ ಪಟ್ಟೆಗಳಾಗುತ್ತವೆ. ಮೂಲ ಚಿತ್ರದಲ್ಲಿ ಈ ಪಟ್ಟೆಗಳನ್ನು ನಾಯ್ಸ್ ಮರೆಸಿರುತ್ತದೆ. ಕುಗ್ಗಿಸಿದಾಗ ನಾಯ್ಸ್ ಇಳಿದು ಪಟ್ಟೆ ಮೇಲೆದ್ದು ಕಾಣುತ್ತದೆ. 16 ಬಿಟ್‌ನಲ್ಲಿ ಕುಗ್ಗಿಸಿ, ಕಟ್ಟಕಡೆಗೆ 8 ಬಿಟ್ ಮಾಡುವಾಗ ಡಿದರಿಂಗ್ (ಪಟ್ಟೆ ಮುರಿಯುವ ಸಣ್ಣ ನಾಯ್ಸ್) ಹಾಕಿ. ಆ ಆಯ್ಕೆ ಇಲ್ಲದಿದ್ದರೆ ಕಣ್ಣಿಗೆ ಕಾಣದಷ್ಟು ನಾಯ್ಸ್ ನೀವೇ ಸೇರಿಸಿ.

ಸೇವ್ ಮಾಡುವಾಗ ಹೋಗುವ ಬಣ್ಣ

ಇಷ್ಟೆಲ್ಲ ಜೋಪಾನ ಮಾಡಿ ಕೊನೆಗೆ ಜೆಪೆಗ್ ಮಾಡುವಾಗ ನಕ್ಷತ್ರಗಳ ಬಣ್ಣ ಕಳೆದುಕೊಳ್ಳುವವರು ಬಹಳ. ಜೆಪೆಗ್‌ನಲ್ಲಿ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಎಂಬುದೊಂದಿದೆ. 4:2:0 ಎಂದಿದ್ದರೆ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣ. ಎರಡು ಪಿಕ್ಸೆಲ್‌ನ ಕಿತ್ತಳೆ ಚುಕ್ಕಿಯ ಬಣ್ಣ ಹಿನ್ನೆಲೆಯ ಬೂದಿನೊಡನೆ ಬೆರೆತು ತೊಳೆದಂತಾಗುತ್ತದೆ. ಮಹಾವ್ಯಾಧನಲ್ಲಿ ಆರ್ದ್ರೆಯ ಕೆಂಪೂ ರೈಗಲ್‌ನ ನೀಲಿಯೂ ಒಂದೇ ಬಿಳಿಯಾಗಿ ಕಂಡರೆ ಮೊದಲು ಈ ಆಯ್ಕೆಯನ್ನು ನೋಡಿ. ಜಿಂಪ್‌ನ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ ಉಳಿಸುವ 4:4:4 ಆರಿಸಿಕೊಳ್ಳಬಹುದು. ಕ್ವಾಲಿಟಿ 90ಕ್ಕಿಂತ ಕೆಳಗಿಳಿಸಬೇಡಿ. ವಿವರ ಬಿಟ್ಟು ಫೈಲು ಚಿಕ್ಕದು ಮಾಡುವ (ಲಾಸಿ) ವೆಬ್‌ಪಿ ಯಾವಾಗಲೂ 4:2:0ಯಲ್ಲೇ ಇರುತ್ತದೆ, ಆದ್ದರಿಂದ ಚಿಕ್ಕ ಅಳತೆಯ ಆಕಾಶದ ಚಿತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ. ಎವಿಐಎಫ್ ಎಂಬ ಫೈಲ್ ಬಗೆ 10 ಬಿಟ್ ಮತ್ತು 4:4:4 ಎರಡನ್ನೂ ಕೊಡಬಲ್ಲದು, ನೋಡುವವರ ಬಳಿ ತೆರೆದುಕೊಳ್ಳುತ್ತದೆ ಎಂಬ ಭರವಸೆ ಇದ್ದರೆ ಒಳ್ಳೆಯ ಆಯ್ಕೆ. ಕಾಪಿಟ್ಟುಕೊಳ್ಳುವ ಪ್ರತಿ 16 ಬಿಟ್ ಟಿಫ್‌ ಅಥವಾ ಪಿಎನ್‌ಜಿಯಲ್ಲಿರಲಿ, ಮೂಲ ಅಳತೆಯಲ್ಲೇ ಇರಲಿ.

ಇನ್‌ಸ್ಟಾಗ್ರಾಂಗೆ ಹಾಕುವುದಿದ್ದರೆ ಅಗಲ 1080 ಪಿಕ್ಸೆಲ್‌ಗೆ ನೀವೇ ಇಳಿಸಿ ಕೊಡಿ. ದೊಡ್ಡದನ್ನು ಕೊಟ್ಟರೆ ಅವರ ಯಂತ್ರ ತನಗೆ ತಿಳಿದಂತೆ ಕುಗ್ಗಿಸುತ್ತದೆ, ಆಗ ಮೇಲಿನ ಯಾವ ಆಯ್ಕೆಯೂ ನಿಮ್ಮ ಕೈಯಲ್ಲಿರುವುದಿಲ್ಲ.

ಟೈಮ್‌ಲ್ಯಾಪ್ಸ್ ಮಾಡುವವರಿಗೆ ಇನ್ನೊಂದು ಮಾತು. 6000 ಅಗಲದ ಚಿತ್ರಗಳನ್ನು 4ಕೆ ವಿಡಿಯೊದ 3840ಕ್ಕೆ ಇಳಿಸುವಾಗ ವಿಧಾನ ತಪ್ಪಿದರೆ ಒಂದೊಂದು ಚಿತ್ರದಲ್ಲಿ ತಪ್ಪು ಕಾಣುವುದಿಲ್ಲ, ಓಡಿಸಿದಾಗ ಕಾಣುತ್ತದೆ. ನಕ್ಷತ್ರ ಸರಿಯುತ್ತಾ ಒಂದು ಚೌಕಟ್ಟಿನಲ್ಲಿ ಪಿಕ್ಸೆಲ್‌ನ ನಡುವೆ ಕೂರುತ್ತದೆ, ಮುಂದಿನದರಲ್ಲಿ ಎರಡು ಪಿಕ್ಸೆಲ್‌ಗಳ ಗಡಿಯ ಮೇಲೆ. ಹೊಳಪು ಹೆಚ್ಚಿ ಇಳಿದು ಇಡೀ ಆಕಾಶ ಪತರಗುಟ್ಟುತ್ತದೆ. ವಾತಾವರಣದಿಂದ ಬಂದ ಮಿನುಗು ಎಂದು ನಾನೂ ಬಹಳ ದಿನ ತಿಳಿದಿದ್ದೆ. ಇಪ್ಪತ್ತು ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಆ ಮಿನುಗು ಸರಾಸರಿಯಾಗಿ ಅಳಿಸಿಹೋಗಿರುತ್ತದೆ. ವಿಡಿಯೊ ಎಡಿಟರ್ ತಾನೇ ಕುಗ್ಗಿಸಲು ಬಿಡದೆ, ಚಿತ್ರಗಳನ್ನು ಮೊದಲೇ ಲೀನಿಯರ್ ಬೆಳಕಿನಲ್ಲಿ ಮಿಚೆಲ್ ಫಿಲ್ಟರ್‌ನಿಂದ 3840ಕ್ಕೆ ಇಳಿಸಿ ಕೊಟ್ಟ ಮೇಲೆ ಆ ಪತರಗುಟ್ಟುವಿಕೆ ಬಹುಮಟ್ಟಿಗೆ ನಿಂತಿತು. ಪರೀಕ್ಷಿಸಲು ಒಂದು ಮಧ್ಯಮ ಹೊಳಪಿನ ನಕ್ಷತ್ರವನ್ನು ಆರಿಸಿಕೊಂಡು, ವಿಡಿಯೊವನ್ನು ಪೂರ್ತಿ ಅಳತೆಯಲ್ಲಿ ಓಡಿಸಿ, ಆ ಒಂದೇ ಚುಕ್ಕಿಯ ಮೇಲೆ ಹತ್ತು ಸೆಕೆಂಡ್ ಕಣ್ಣಿಟ್ಟು ನೋಡಿ.